ದನಿ ಹೋದ ಮೇಲೆ ಕೀರ್ತನೆ ಯಾರದು?

 

ಪ್ರತಿಸಲ ಒಂದು ದೇವರನಾಮವನ್ನೋ ಒಂದು ಸುಳಾದಿಯನ್ನೋ ತೆಗೆದುಕೊಂಡು ಅದರ ಅರ್ಥ ನೋಡ್ತೀವಿ. ಈ ಸಲ ಹಾಡನ್ನು ಬಿಟ್ಟು, ಹಾಡುವ ಗಂಟಲಿನ ಬಗ್ಗೆ ಬರೀತೀನಿ. ಕೀರ್ತನೆಯನ್ನೇ ಸೇವೆ ಅಂದುಕೊಂಡವರಿಗೆ ಕ್ಯಾನ್ಸರ್ ಬಂತು. ಚಿಕಿತ್ಸೆ ಆಯ್ತು, ದೇವರ ದಯೆಯಿಂದ ಜೀವ ಉಳೀತು. ಆದರೆ ದನಿ ಹೋಯ್ತು. ಅಂಥವರ ಸೇವೆ ಅಲ್ಲಿಗೆ ಮುಗಿದ ಹಾಗೆಯೇ? ಅವರಿಗೆ ನಾವು ಏನು ಹೇಳಬೇಕು, ಏನು ಹೇಳಬಾರದು?

ಇದು ನನ್ನದೇ ಪ್ರಶ್ನೆ. ಥೈರಾಯ್ಡ್ ಗ್ರಂಥಿಯ ಹಿಂದೆಯೇ, ಎರಡೂ ಪಕ್ಕಕ್ಕೆ ಒಂದೊಂದರಂತೆ, ಧ್ವನಿತಂತುಗಳನ್ನು ಆಡಿಸುವ ಸಣ್ಣ ನರಗಳು ಹಾದುಹೋಗುತ್ತವೆ. ಎಡಗಡೆಯ ನರ ಎದೆಗೂಡಿನೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿಕೊಂಡು, ಮತ್ತೆ ಮೇಲೆ ಗಂಟಲಿಗೆ ಬರುತ್ತೆ. ನನ್ನ ಗಡ್ಡೆ ಆ ಎಡಗಡೆಯ ನರಕ್ಕೆ ಅಂಟಿಕೊಂಡಿತ್ತು. ನರ ಉಳಿಸಿದರೆ ಕ್ಯಾನ್ಸರನ್ನೂ ಅಷ್ಟು ಉಳಿಸಿದ ಹಾಗೆ ಅಂತ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಒಪ್ಪಿಕೊಂಡೇ ಆಪರೇಷನ್ ಮಾಡಿಸಿಕೊಂಡೆ. ಹೆಂಗಸರು ಮಾತಾಡುವಾಗ ಎರಡು ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದನ್ನೊಂದು ಮುಟ್ಟಿ ಬಿಡುತ್ತವಂತೆ. ನನ್ನದು ಈಗ ಒಂದು ಆಡುತ್ತೆ, ಇನ್ನೊಂದು ಆಡಲ್ಲ. ನಡುವೆ ಗಾಳಿ ಸೋರುತ್ತೆ. ಆಡದ ತಂತುವನ್ನು ಸ್ವಲ್ಪ ಮಧ್ಯಕ್ಕೆ ತರುವ ಇಂಜೆಕ್ಷನ್ ಕೊಟ್ಟರು, ಲೋಟದ ನೀರಿಗೆ ಸ್ಟ್ರಾ ಇಟ್ಟು ಊದುತ್ತಾ ಸ್ವರ ಹಿಡಿಯುವ ಅಭ್ಯಾಸ ಮಾಡಿಸಿದರು. ಮಾತು ತಕ್ಕಮಟ್ಟಿಗೆ ಬಂತು. ಐದೂವರೆ ಮನೆ ಶ್ರುತಿಯಲ್ಲಿ ತಾರಷಡ್ಜ ನಿಲ್ಲಿಸುತ್ತಿದ್ದ ಗಂಟಲು ಈಗ ಕೆಳಗಿನ ಶ್ರುತಿಯಲ್ಲಿ ಪಂಚಮ ಮುಟ್ಟುವಷ್ಟರಲ್ಲಿ ಒಡೆಯುತ್ತೆ. ರೇಡಿಯೋ ಅಯೋಡಿನ್ ಕೊಟ್ಟಮೇಲೆ ಬಾಯಿ ಒಣಗುವುದು ಬೇರೆ. ಕುವೈತಿನ ಧೂಳು, ದಿನವಿಡೀ ಓಡುವ ಎ.ಸಿ. ಇವು ಹೇಗಿದ್ದರೂ ಇದ್ದೇ ಇವೆ.

ನನ್ನದು ಸಣ್ಣ ನಷ್ಟ ಅಂತಲೇ ಹೇಳಬೇಕು. ಗಂಟಲಿನ ಧ್ವನಿಪೆಟ್ಟಿಗೆಗೇ ಕ್ಯಾನ್ಸರ್ ಬಂದು ಅದನ್ನು ಪೂರ್ತಿ ತೆಗೆಯಬೇಕಾದವರು ಇದ್ದಾರೆ. ಅವರ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಅಲ್ಲೊಂದು ರಂಧ್ರ ಮಾಡ್ತಾರೆ. ಉಸಿರೆಲ್ಲ ಅಲ್ಲಿಂದಲೇ. ಬಾಯಿಗೆ ಶ್ವಾಸವೇ ಬರದಿದ್ದರೆ ಗುನುಗುವುದಕ್ಕೂ ಆಗಲ್ಲ. ಮೂಗಿಗೆ ಗಾಳಿ ಹೋಗದ ಕಾರಣ ತುಳಸಿಯ ವಾಸನೆ ಕೂಡ ಸರಿಯಾಗಿ ಸಿಗಲ್ಲ. ಇಲ್ಲಿ ಕುವೈತಿನ ಕ್ಯಾನ್ಸರ್ ಕಂಟ್ರೋಲ್ ಸೆಂಟರಿನಲ್ಲೋ ಊರಲ್ಲಿ ಬೆಂಗಳೂರಿನ ಕಿದ್ವಾಯಿಯಲ್ಲೋ ಹೊರರೋಗಿಗಳ ಸಾಲಿನಲ್ಲಿ ಅರ್ಧ ದಿನ ಕೂತರೆ, ಕತ್ತಿಗೆ ತೆಳು ಬಟ್ಟೆ ಕಟ್ಟಿಕೊಂಡ ಇಂಥವರು ಕಣ್ಣಿಗೆ ಬೀಳ್ತಾರೆ.

ಇಂಥ ಮನೆಗಳಿಗೆ ನೋಡಲು ಬರುವ ಜನ ಒಳ್ಳೆಯ ಮನಸ್ಸಿನವರೇ. ಆದರೆ ಅವರು ತರುವ ಸಮಾಧಾನದ ಮಾತುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕು.

ಮೊದಲನೆಯದು ಕರ್ಮದ ಮಾತು. “ಏನೋ ಪೂರ್ವಜನ್ಮದ್ದು, ಕಳೀತು ಬಿಡಿ” ಅಂತಾರೆ. ಸ್ವಲ್ಪ ಧೈರ್ಯ ಇರುವವರು “ಯಾವುದಾದರೂ ಹರಕೆ ಬಾಕಿ ಇತ್ತಾ?” ಅಂತಲೂ ಕೇಳ್ತಾರೆ. ಪ್ರಾರಬ್ಧ ಅನ್ನುವುದನ್ನು ನಮ್ಮ ಶಾಸ್ತ್ರ ಒಪ್ಪುತ್ತೆ, ನಾನೂ ಒಪ್ತೀನಿ. ನನ್ನ ಬಗ್ಗೆ ನಾನೇ ಅದನ್ನು ಅಂದುಕೊಂಡರೆ ಅದು ತಾಳ್ಮೆ ಕೊಡುತ್ತೆ. ಇನ್ನೊಬ್ಬರು ಅದೇ ಮಾತನ್ನು ನನಗೆ ಹೇಳಿದರೆ ತೀರ್ಪು ಕೊಟ್ಟ ಹಾಗಾಗುತ್ತೆ. ಯಾರ ಯಾವ ಕರ್ಮ ಯಾವಾಗ ಫಲ ಕೊಡ್ತು ಅಂತ ಓದಿ ಹೇಳುವ ಕಣ್ಣು ನಮಗೆ ಯಾರಿಗೂ ಇಲ್ಲ.

ಈ ವಿಷಯ ಬಂದಾಗಲೆಲ್ಲ ಜನ ಜಗನ್ನಾಥದಾಸರ ಕಥೆ ನೆನಪಿಸ್ತಾರೆ. ನಿಮಗೆಲ್ಲ ಗೊತ್ತಿರುವುದೇ. ಮಾನ್ವಿಯ ಕಡೆಯ ದೊಡ್ಡ ಸಂಸ್ಕೃತ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು, ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿ ತಪ್ಪಿಸಿಕೊಂಡರು. ಆಮೇಲೆ ನಿಜವಾಗಿಯೂ ಉದರರೋಗ ಬಂದು ಬಳಲಿದರು ಅಂತ ಸಂಪ್ರದಾಯದಲ್ಲಿ ಹೇಳ್ತಾರೆ. ನಾವು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, “ನೋಡಿ, ಅಪಚಾರ ಮಾಡಿದರೆ ಹೀಗೆ” ಅಂತೀವಿ. ಕಥೆ ಮುಂದೆ ಇದೆ. ಅವರು ವಿಜಯದಾಸರಲ್ಲಿಗೆ ಹೋದಾಗ ವಿಜಯದಾಸರು ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಏನು ಮಾಡಿದರು? ನೀನು ಹೀಗೆ ಮಾಡಿದ್ದಕ್ಕೆ ಹೀಗಾಯ್ತು ಅಂತ ಕೂರಿಸಿಕೊಂಡು ಪಾಠ ಹೇಳಲಿಲ್ಲ. ತಮ್ಮ ಆಯುಸ್ಸಿನಲ್ಲಿ 40 ವರ್ಷ ತೆಗೆದು ಅವರಿಗೆ ಧಾರೆ ಎರೆದರು. ಹಾಗೆ ಬದುಕಿದವರಿಂದ ನಮಗೆ ಹರಿಕಥಾಮೃತಸಾರ ಬಂತು. ಇಡೀ ಕಥೆಯಲ್ಲಿ ಅನುಸರಿಸಬೇಕಾದವರು ಗೋಪಾಲದಾಸರು. ರೋಗಿಯ ಮುಂದೆ ನಿಂತಾಗ ನಾವು ಕಾರಣ ಹುಡುಕ್ತೀವಿ, ಅವರು ಕೈಯಲ್ಲಿದ್ದುದನ್ನು ಕೊಟ್ಟರು.

ಎರಡನೆಯ ಸಮಾಧಾನ ಇನ್ನೂ ಸೂಕ್ಷ್ಮವಾದದ್ದು, ಶಾಸ್ತ್ರದ ಆಧಾರ ಇರುವಂಥದ್ದು. “ಮಾನಸ ಜಪವೇ ಶ್ರೇಷ್ಠ ಅಲ್ವಾ? ಈಗ ನೀವು ಮೇಲಿನ ಮೆಟ್ಟಿಲಿಗೇ ಹೋದ್ರಿ ಅಂದ್ಕೊಳ್ಳಿ” ಅಂತ ಓದಿಕೊಂಡವರೊಬ್ಬರು ನನಗೆ ಹೇಳಿದರು. ಹೌದು, ಗಟ್ಟಿಯಾಗಿ ಮಾಡುವ ವಾಚಿಕ ಜಪಕ್ಕಿಂತ ತುಟಿ ಮಾತ್ರ ಅಲುಗುವ ಉಪಾಂಶು, ಅದಕ್ಕಿಂತ ಮನಸ್ಸಿನಲ್ಲೇ ಮಾಡುವ ಜಪ ಹೆಚ್ಚು ಅಂತ ಮನುಸ್ಮೃತಿಯಲ್ಲೂ ಲೆಕ್ಕ ಕೊಟ್ಟಿದೆ. ಆದರೆ ಅದು ಜಪದ ಲೆಕ್ಕ. ಕೀರ್ತನೆ ಬೇರೆ. ಭಾಗವತದಲ್ಲಿ ಪ್ರಹ್ಲಾದ ಒಂಬತ್ತು ಭಕ್ತಿಗಳನ್ನು ಹೇಳುವಾಗ ಶ್ರವಣ, ಕೀರ್ತನ, ಸ್ಮರಣ ಅಂತ ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾನೆ. ಮನಸ್ಸಿನಲ್ಲಿ ನೆನೆಯುವುದೇ ಸಾಕು ಅಂತಿದ್ದರೆ ನಮ್ಮ ದಾಸರು ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ತಾಳ ಹಾಕಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬೀದಿ ಬೀದಿ ಯಾಕೆ ಹಾಡಬೇಕಿತ್ತು? ಸ್ಮರಣೆ ನನಗೆ ಮತ್ತು ನನ್ನ ದೇವರಿಗೆ ಸೇರಿದ್ದು. ಕೀರ್ತನೆಯಲ್ಲಿ ಮೂರನೆಯವರೊಬ್ಬರು ಇರ್ತಾರೆ, ಅದನ್ನು ಕೇಳುವವರು. ನಾನು ಕಳೆದುಕೊಂಡದ್ದು ಆ ಮೂರನೆಯವರಿಗೆ ಕೊಡುತ್ತಿದ್ದ ವಸ್ತುವನ್ನು. ಮಾನಸ ಜಪ ಎಷ್ಟೇ ಶ್ರೇಷ್ಠ ಆದರೂ ಆ ಜಾಗವನ್ನು ಅದು ತುಂಬಲ್ಲ.

ಮೂರನೆಯದು ಪವಾಡದ ಭರವಸೆ. ಚೆಂಬೈ ವೈದ್ಯನಾಥ ಭಾಗವತರಿಗೆ ದನಿಯೇ ನಿಂತುಹೋಗಿತ್ತು, ಗುರುವಾಯೂರಪ್ಪನನ್ನು ನಂಬಿದರು, ಚಿಕಿತ್ಸೆಯೂ ಆಯ್ತು, ದನಿ ಮರಳಿ ಬಂತು. ಸಂಗೀತಗಾರರೆಲ್ಲ ಭಕ್ತಿಯಿಂದ ಹೇಳುವ ಪ್ರಸಂಗ ಇದು. ನಾನೂ ನನ್ನ ಮಕ್ಕಳಿಗೆ ಹೇಳಿಕೊಟ್ಟಿದ್ದೀನಿ. ಆದರೆ ಅದನ್ನು ದನಿ ಬರದೇ ಇರುವವರ ಮುಂದೆ ಹೇಳುವಾಗ, ಬಾರದೇ ಹೋದರೆ ನಿನ್ನ ನಂಬಿಕೆಯೇ ಕಮ್ಮಿ ಅನ್ನುವ ಅರ್ಥ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತೆ. ಕತ್ತರಿಸಿದ ನರ, ತೆಗೆದ ಧ್ವನಿಪೆಟ್ಟಿಗೆ ಮತ್ತೆ ಬೆಳೆದು ಬರುವಂಥವಲ್ಲ. ಅದನ್ನು ಗೊತ್ತಿದ್ದೂ ನಂಬುವುದಕ್ಕೆ ಜಾಗ ಇರಬೇಕು.

ಆ ಜಾಗ ನಮ್ಮ ಸಿದ್ಧಾಂತದಲ್ಲೇ ಇದೆ ಅಂತ ನನಗೆ ನಿಧಾನಕ್ಕೆ ಕಂಡಿತು. ಮಧ್ವಾಚಾರ್ಯರ ಮತಕ್ಕೆ ತತ್ತ್ವವಾದ ಅಂತ ಹೆಸರು. ಜಗತ್ತು ಸತ್ಯ. ಸತ್ಯ ಅಂದಮೇಲೆ ಅದರೊಳಗಿನ ಗಂಟಲೂ ಸತ್ಯ, ಅದು ಹೋದ ನೋವೂ ಸತ್ಯ. ಸುಖದುಃಖಗಳನ್ನು ನೇರವಾಗಿ ತಿಳಿಯುವ ಸಾಕ್ಷಿ ಸುಳ್ಳು ಹೇಳಲ್ಲ ಅಂತ ಆಚಾರ್ಯರು ಒತ್ತಿ ಹೇಳ್ತಾರೆ. ಹಾಗಾಗಿ “ಇದೆಲ್ಲ ಮಾಯೆ, ಹಚ್ಚಿಕೊಳ್ಳಬೇಡಿ” ಅಂತ ನನಗೆ ನಾನೇ ಹೇಳಿಕೊಳ್ಳುವ ದಾರಿ ನಮ್ಮವರಿಗೆ ಇಲ್ಲ. ಅಳು ಬಂದರೆ ಅಳುವುದು ಸಿದ್ಧಾಂತಕ್ಕೆ ವಿರುದ್ಧ ಅಲ್ಲ. ಇದು ನನಗೆ ಸಿಕ್ಕ ಮೊದಲ ನೆಮ್ಮದಿ.

ಎರಡನೆಯದು: ಸ್ವತಂತ್ರ ಅಂತ ಇರುವವನು ಒಬ್ಬನೇ, ನಾವೆಲ್ಲ ಅಸ್ವತಂತ್ರರು. ನಾನು ಇಷ್ಟು ವರ್ಷ ಹಾಡಿದಾಗಲೂ ಆ ನರ, ಆ ತಂತು, ಆ ಉಸಿರು ನಾನು ಹೇಳಿದ ಹಾಗೆ ಕೇಳಿದ್ದು ಅವನು ನಡೆಸಿದ್ದಕ್ಕೆ. ಎಂ.ಎ. ಮಾಡುವಾಗ ಧ್ವನಿಯ ಉತ್ಪತ್ತಿ, ಆಹತ ನಾದ, ಅನಾಹತ ನಾದ ಅಂತೆಲ್ಲ ಪರೀಕ್ಷೆಗೆ ಬರೆದು ಅಂಕ ತಗೊಂಡಿದ್ದೀನಿ. ದನಿ ಕೊಟ್ಟು ತಗೊಳ್ಳುವ ವಸ್ತು ಅನ್ನುವುದು ಆ ಪುಸ್ತಕದಲ್ಲೇ ಇತ್ತು. ದೇಹದಲ್ಲಿ ತಿಳಿದದ್ದು ಈಗ.

ಮೂರನೆಯದನ್ನು ಬರೆಯುವಾಗ ಸ್ವಲ್ಪ ಸಂಕೋಚ ಆಗುತ್ತೆ, ದೊಡ್ಡವರು ಹೇಳಬೇಕಾದ ವಿಷಯ. ಜೀವನಿಗೆ ಈ ಹೊರಗಿನ ಇಂದ್ರಿಯಗಳಲ್ಲದೆ ತನ್ನದೇ ಸ್ವರೂಪೇಂದ್ರಿಯಗಳು ಇವೆ, ಮುಕ್ತಿಯಲ್ಲಿ ಜೀವ ತನ್ನ ಯೋಗ್ಯತೆಗೆ ತಕ್ಕ ಆನಂದವನ್ನು ಅವುಗಳಿಂದಲೇ ಅನುಭವಿಸುತ್ತೆ ಅಂತ ನಮ್ಮ ಸಿದ್ಧಾಂತ. ಮುಕ್ತರು ಮೂಕರಾಗಿ ಕೂತಿರಲ್ಲ, ಹರಿಯನ್ನು ಸ್ತುತಿಸ್ತಾರೆ. ಡಾಕ್ಟರ ಕತ್ತರಿ ಮುಟ್ಟಲಾಗದ ಒಂದು ದನಿ ಇದೆ ಅನ್ನುವುದು ನಮ್ಮವರಿಗೆ ಬರೀ ಕವಿಯ ಮಾತಲ್ಲ. ಅದು ಈಗ ನನಗೆ ಕೇಳಿಸುತ್ತೆ ಅಂತ ನಾನು ಹೇಳಲ್ಲ. ಇದೆ ಅಂತ ನಂಬ್ತೀನಿ, ಅಷ್ಟೇ.

ಗಂಟಲಿನ ಕ್ಯಾನ್ಸರ್ ಅಂದಾಗ ರಾಮಕೃಷ್ಣ ಪರಮಹಂಸರನ್ನು ನೆನೆಯದೆ ಇರಲಾಗಲ್ಲ. ಬಹಳ ಚೆನ್ನಾಗಿ ಹಾಡುತ್ತಿದ್ದವರು, ಹಾಡುತ್ತಲೇ ಸಮಾಧಿಗೆ ಹೋಗುತ್ತಿದ್ದವರು. 1885ರಲ್ಲಿ ಗಂಟಲು ನೋವು ಶುರುವಾಯ್ತು. ಮಾತಾಡಬೇಡಿ ಅಂತ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ತಡೆದರು. ಕಾಶೀಪುರದ ತೋಟದ ಮನೆಯಲ್ಲಿ ಕೊನೆಗೆ ಸನ್ನೆಯಲ್ಲಿ, ಪಿಸುದನಿಯಲ್ಲಿ, ಕೆಲವೊಮ್ಮೆ ಕಾಗದದ ಮೇಲೆ ಬರೆದು ಹೇಳುತ್ತಿದ್ದರು. 1886ರ ಆಗಸ್ಟ್ 16ರಂದು ದೇಹ ಬಿಟ್ಟರು. ಏನೂ ನುಂಗಲಾಗದಿದ್ದಾಗ, ಊಟವಾದರೂ ಇಳಿಯುವಂತೆ ತಾಯಿಯನ್ನು ಕೇಳಿ ಅಂತ ನರೇಂದ್ರ ಬಲವಂತ ಮಾಡಿದರು. ಕೇಳಿದರಂತೆ. ತಾಯಿ ಸುತ್ತ ಇದ್ದ ಶಿಷ್ಯರನ್ನೆಲ್ಲ ತೋರಿಸಿ, ಇಷ್ಟು ಬಾಯಿಗಳಿಂದ ನೀನು ಉಣ್ಣುತ್ತಿಲ್ಲವೇ ಎಂಬರ್ಥದಲ್ಲಿ ಉತ್ತರಿಸಿದಳಂತೆ. ಅವರಿಗೆ ನಾಚಿಕೆಯಾಗಿ ಸುಮ್ಮನಾದರಂತೆ.

ಈ ಉತ್ತರ ಅದ್ಭುತ. ಆದರೆ ದಾಸರ ದಾರಿಯಲ್ಲಿರುವವರು ಇದನ್ನು ಇದ್ದ ಹಾಗೇ ತೆಗೆದುಕೊಳ್ಳಲಾಗಲ್ಲ. ನಮಗೆ ಜೀವಜೀವಕ್ಕೂ ಭೇದ ಇದೆ. ನನ್ನ ಶಿಷ್ಯೆಯ ಬಾಯಿ ನನ್ನ ಬಾಯಲ್ಲ. ಅವಳು ಕಲ್ಯಾಣಿಯಲ್ಲಿ ಸೊಗಸಾಗಿ ಹಾಡಿದಾಗ ನನಗೆ ಸಂತೋಷ ಆಗುತ್ತೆ, ಅದೇ ಹೊತ್ತಿಗೆ ನನ್ನ ಗಂಟಲಿನ ಆಸೆ ಹಾಗೇ ಉಳಿಯುತ್ತೆ. ಎರಡೂ ನಿಜ. ಹಾಗಾದರೆ ನಮಗೆ ಈ ಪ್ರಸಂಗದಿಂದ ಸಿಗುವುದೇನು? ಬಾಯಿಗಳು ಬೇರೆ ಬೇರೆ, ಕೇಳುವವನು ಒಬ್ಬನೇ. ಯಾರ ಬಾಯಿಂದ ಹೋದರೂ ಸೇವೆ ಸಲ್ಲುವುದು ಅವನಿಗೇ. ನಷ್ಟ ನನ್ನದು, ಅದನ್ನು ನಾನು ಹೊರಬೇಕು. ಕೀರ್ತನೆಗೆ ಮಾತ್ರ ನಷ್ಟ ಆಗಿಲ್ಲ. ಶೀರ್ಷಿಕೆಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ಕೀರ್ತನೆ ಹಾಡಿದವರದ್ದಲ್ಲ, ಅದು ಯಾರನ್ನು ಕುರಿತದ್ದೋ ಅವನದು.

ಹೀಗಂತ ದನಿಗಾಗಿ ಪ್ರಯತ್ನ ಮಾಡದೆ ಕೈಕಟ್ಟಿ ಕೂರಬೇಕು ಅಂತ ಅಲ್ಲ. ಪರಮಹಂಸರೂ ಔಷಧಿ ತಗೊಂಡರು. ಧ್ವನಿಪೆಟ್ಟಿಗೆ ತೆಗೆಸಿಕೊಂಡವರು ಮಾತಾಡಲು ಮೂರು ದಾರಿ ಇವೆ. ಗಾಳಿಯನ್ನು ಅನ್ನನಾಳಕ್ಕೆ ಎಳೆದುಕೊಂಡು ತೇಗಿನ ಹಾಗೆ ಹೊರಬಿಟ್ಟು ಮಾತಾಡುವುದು ಒಂದು. ಕತ್ತಿಗೆ ಒತ್ತಿ ಹಿಡಿಯುವ, ಗುಂಯ್‌ಗುಟ್ಟುವ ಯಂತ್ರ ಇನ್ನೊಂದು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ಕವಾಟ ಕೂರಿಸುವುದು ಮೂರನೆಯದು; ರೋಗಿ ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿದಾಗ ಗಾಳಿ ಆ ಕವಾಟದ ಮೂಲಕ ಹೋಗಿ ದನಿಯಾಗುತ್ತೆ. ಹೊರದೇಶದಿಂದ ಬರುವ ಕವಾಟಕ್ಕೆ ಸಾವಿರಾರು ರೂಪಾಯಿ, ಅದನ್ನೂ ಆಗಾಗ ಬದಲಾಯಿಸಬೇಕು. ಬಡವರು ಏನು ಮಾಡಬೇಕು? ಬೆಂಗಳೂರಿನ ಗಂಟಲು ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಅವರ ಜೊತೆ ಸೇರಿ ಸುಮಾರು 50 ರೂಪಾಯಿಗೆ ಸಿಗುವಂಥ ಕವಾಟ ಮಾಡಿದರು. ಅದಕ್ಕೆ ಅವರು ಇಟ್ಟ ಹೆಸರು “ಓಂ”. ನಮ್ಮ ಊರಿನಲ್ಲಿ, ನಮ್ಮ ಕಾಲದಲ್ಲಿ ಆದದ್ದು ಇದು. ಗೋಪಾಲದಾಸರ ಕಥೆ ಹೇಳಿದೆನಲ್ಲ, ಕಾರಣ ಕೇಳದೆ ಕೊಡುವುದು ಅಂದರೆ ಏನು ಅಂತ ನನಗೆ ಇದರಲ್ಲೂ ಕಾಣುತ್ತೆ.

ಇನ್ನು ನಮ್ಮ ಭಜನೆಗಳ ವಿಷಯ. ಕುವೈತಿನಲ್ಲಿ ನಾವು ಭಜನೆ ಮಾಡುವುದು ಮನೆಗಳ ಒಳಗೇ. ಶುಕ್ರವಾರ ರಜೆ, ಅಬ್ಬಾಸಿಯಾದಲ್ಲೋ ಸಾಲ್ಮಿಯಾದಲ್ಲೋ ಮಂಗಾಫ್‌ನಲ್ಲೋ ಯಾರದಾದರೂ ಫ್ಲ್ಯಾಟು. ಬಾಗಿಲು ಹಾಕಿ, ಪಕ್ಕದ ಮನೆಯವರಿಗೆ ತೊಂದರೆ ಆಗದ ಹಾಗೆ, ತಾಳವನ್ನೂ ಮೆತ್ತಗೆ ತಟ್ಟಿ ಹಾಡ್ತೀವಿ. ಆಜಾನ್ ಕೇಳಿಸಿದರೆ ಹಾಡು ನಿಲ್ಲಿಸಿ ಕಾಯ್ತೀವಿ. ಊರಿನ ಮಠದಲ್ಲಿ ಮೈಕು ಹಚ್ಚಿ ಹಾಡಿದವರಿಗೆ ಮೊದಮೊದಲು ಇದು ಕಸಿವಿಸಿ. ಕೆಲವು ವರ್ಷ ಕಳೆದ ಮೇಲೆ ನಮಗೆಲ್ಲ ಅರ್ಥವಾಗಿದೆ, ದನಿ ತಗ್ಗಿಸಿದರೆ ಭಜನೆಗೆ ಏನೂ ಕಮ್ಮಿ ಆಗಲ್ಲ ಅಂತ. ಹಾಗಿದ್ದರೆ ಒಬ್ಬರ ದನಿ ಒಡಕಾಗಿದ್ದರೆ ಮಾತ್ರ ಯಾಕೆ ಕಮ್ಮಿ ಆಗಬೇಕು? ಹಾಗೆ ಅನ್ನಿಸುತ್ತಿದ್ದರೆ, ನಾವು ಕೂತಿರುವುದು ಕಛೇರಿಗೋ ಭಜನೆಗೋ ಅಂತ ಕೇಳಿಕೊಳ್ಳಬೇಕು. ಕಛೇರಿಗೆ ಇಂಪು ಬೇಕು, ನಾನೇ ಅದನ್ನು ಕಲಿಸುವವಳು, ಅದರಲ್ಲಿ ರಾಜಿ ಇಲ್ಲ. ಭಜನೆಗೆ ಬೇಕಾದ್ದು ನಾಮ.

ಚಿಕಿತ್ಸೆಗೆ ಬೆಂಗಳೂರಿಗೆ ಹೋಗಿದ್ದಾಗ, ಆ ಗುಂಯ್‌ಗುಟ್ಟುವ ಯಂತ್ರ ಹಿಡಿದು ಮಾತಾಡುವ ಹಿರಿಯರೊಬ್ಬರ ಪರಿಚಯ ಆಯ್ತು. ಯಂತ್ರದ ದನಿಗೆ ಏರಿಳಿತ ಇಲ್ಲ, ಹಾಡಲು ಬರಲ್ಲ. ಅವರು ದಿನಾ ಅದೇ ಒಂದು ಸ್ವರದಲ್ಲಿ ವಿಷ್ಣುಸಹಸ್ರನಾಮ ಪಾರಾಯಣ ಮಾಡ್ತಾರೆ. “ಮೊದಲು ಇಪ್ಪತ್ತು ನಿಮಿಷದಲ್ಲಿ ಮುಗಿಸ್ತಿದ್ದೆ ತಾಯಿ, ಈಗ ಒಂದು ಗಂಟೆ ಆಗುತ್ತೆ. ಒಂದೊಂದು ಹೆಸರೂ ಈಗ ಕಿವಿಗೆ ಬೀಳುತ್ತೆ” ಅಂದರು. ಅವರ ಮನೆಯವರು ಪಕ್ಕದಲ್ಲಿ ಕೂತು ಪುಸ್ತಕ ಹಿಡೀತಾರೆ, ಒಂದು ಕೈ ಯಂತ್ರಕ್ಕೆ ಬೇಕಲ್ಲ.

ನನ್ನ ಪಾಠದ ಕ್ರಮವೂ ಬದಲಾಗಿದೆ. ವೀಣೆಯ ಮೇಲೆ ಸರಳೆ ವರಸೆ ನುಡಿಸಿ ತೋರಿಸ್ತೀನಿ, ಗಮಕವನ್ನು ಕೈಯಲ್ಲಿ ಗಾಳಿಯಲ್ಲಿ ಬರೆದು ತೋರಿಸ್ತೀನಿ, ಸಾಹಿತ್ಯದ ಅರ್ಥಕ್ಕೆ ಮುಂಚಿಗಿಂತ ಹೆಚ್ಚು ಹೊತ್ತು ಕೊಡ್ತೀನಿ. ಮೊದಲು ಮಕ್ಕಳು ನನ್ನ ದನಿಗೆ ಒರಗಿಕೊಂಡು ಹಾಡುತ್ತಿದ್ದರು. ನಾನು ನಿಲ್ಲಿಸಿದರೆ ಶ್ರುತಿ ಜಾರುತ್ತಿತ್ತು. ಈಗ ಒರಗಲು ಏನೂ ಇಲ್ಲ. ತಂಬೂರಿಯನ್ನೂ ಒಬ್ಬರನ್ನೊಬ್ಬರನ್ನೂ ಕೇಳಿಸಿಕೊಂಡು ತಾವೇ ನಿಲ್ಲಬೇಕು. ಒಂದು ದಿನ ನಾನು ಮರೆತು ಹಾಡಿ ತೋರಿಸಲು ಹೋಗಿ ದನಿ ಒಡೆದಾಗ, ಎಂಟು ವರ್ಷದ ಹುಡುಗಿ, “ಮಿಸ್, ನೀವು ಹೇಳಿ ಸಾಕು, ಹಾಡೋದು ನಾವು ಮಾಡ್ತೀವಿ” ಅಂದಳು. ಕೆಲಸ ಹಂಚಿಕೊಂಡ ಹಾಗೆ ಹೇಳಿದಳು, ಕನಿಕರ ಇರಲಿಲ್ಲ. ದನಿ ಹೋದವರಿಗೆ ಬೇಕಾದದ್ದೂ ಅದೇ.

ಅದಕ್ಕೇ ಭಜನೆ ನಡೆಸುವ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಕೆಲವು ಮಾತು. ಅಮೆರಿಕದಲ್ಲಿರಲಿ, ದುಬೈಯಲ್ಲಿರಲಿ, ನಿಮ್ಮ ಗುಂಪಿನಲ್ಲೂ ಇಂಥವರು ಒಬ್ಬರಾದರೂ ಇರಬಹುದು. ಮನೆಯಲ್ಲೇ ಉಳಿದುಬಿಟ್ಟಿದ್ದರೆ ಕರೆತನ್ನಿ. ಯಾಕಾಯ್ತು ಅಂತ ಕೇಳಬೇಡಿ. ಒಂದು ಪದವನ್ನಾದರೂ ಅವರಿಗೆ ಎಟಕುವ ಶ್ರುತಿಗೆ ಇಳಿಸಿ, ಪಲ್ಲವಿಯ ಒಂದು ಸಾಲು ಅವರಿಗೇ ಬಿಡಿ. ಹಾಡಲಾಗದಿದ್ದರೆ ತಾಳ ಕೊಡಿ, ಅರ್ಥ ಹೇಳಿಸಿ. ಅವರು ಮಾತು ಮುಗಿಸುವ ತನಕ ಕಾಯಿರಿ, ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಗದ್ದಲದ ಮಧ್ಯೆ ಮಾತಾಡಿಸಬೇಡಿ. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಅಂತ ಅಂದುಕೊಳ್ತೀವಿ, ಅದರಿಂದಲೂ ಗಂಟಲಿಗೆ ಆಯಾಸವೇ. ಕತ್ತಿನಲ್ಲಿ ರಂಧ್ರ ಇರುವವರು ಬಂದಿದ್ದರೆ ಆ ದಿನ ಊದುಬತ್ತಿ, ಧೂಪ, ಇಲ್ಲಿನ ಬಖೂರ್ ಹೊತ್ತಿಸಬೇಡಿ. ಮೂಗಿನ ಸೋಸುವಿಕೆ ಇಲ್ಲದೆ ಹೊಗೆ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತೆ. ತುಪ್ಪದ ಒಂದು ಸಣ್ಣ ದೀಪ ದೂರದಲ್ಲಿಟ್ಟರೆ ಸಾಕು, ದೇವರು ಬೇಜಾರು ಮಾಡಿಕೊಳ್ಳಲ್ಲ.

ದನಿ ಹೋದವರಿಗೂ ಒಂದು ಮಾತು, ನನಗೂ ಸೇರಿಸಿಕೊಂಡು. ಒಂಬತ್ತು ಭಕ್ತಿಗಳಲ್ಲಿ ಮೊದಲನೆಯದು ಶ್ರವಣ. ಪರೀಕ್ಷಿತ ಮಹಾರಾಜ ಏಳು ದಿನ ಕೂತು ಕೇಳಿಯೇ ಗತಿ ಕಂಡವನು. ಹಾಡುವವಳಾಗಿದ್ದಾಗ ನಾನು ಬೇರೆಯವರ ಹಾಡು ಕೇಳುತ್ತಿದ್ದದ್ದು ಸ್ವರ ಸರಿ ಇದೆಯಾ, ಎಲ್ಲಿ ತಪ್ಪಿದರು ಅಂತ. ಈಗ ಏಕಾದಶಿಯ ಭಜನೆಯಲ್ಲಿ ಮೂಲೆಯಲ್ಲಿ ಕೂತು ಸುಮ್ಮನೆ ಕೇಳ್ತೀನಿ, ಕೊನೆಗೆ ಮಂಗಳದ ಹೊತ್ತಿಗೆ ಒಡಕು ದನಿಯಲ್ಲೇ ಎಲ್ಲರ ಜೊತೆ ಸೇರ್ತೀನಿ. ಪಕ್ಕದವರು ತಿರುಗಿ ನೋಡುವುದನ್ನು ಬಿಟ್ಟಿದ್ದಾರೆ.

ಎಲ್ಲರಿಗೂ ಆರೋಗ್ಯ ಕೊಡಲಿ, ಕೊಡದಿದ್ದಾಗ ಜೊತೆಗೆ ಜನರನ್ನು ಕೊಡಲಿ ಅಂತ ಶ್ರೀನಿವಾಸನಲ್ಲಿ ಪ್ರಾರ್ಥನೆ.

ಶ್ರೀ ಕೃಷ್ಣಾರ್ಪಣಮಸ್ತು.